ವರ್ಗಸಂಖ್ಯೆ ಅವಿಭಾಜ್ಯವಾಗಲು ಸಾಧ್ಯವೇ? 12345678910987654321ರ ಗೊಂದಲ

ಪ್ರಶ್ನೆ: ಮಗಳು 9ನೇ ತರಗತಿ. ಶಾಲೆಯ ಗಣಿತ ಮೇಳಕ್ಕೆ ಚಾರ್ಟ್ ಮಾಡುತ್ತಿದ್ದಾಳೆ. 11ರ ವರ್ಗ 121, 111ರ ವರ್ಗ 12321, ಹೀಗೇ ಒಂಬತ್ತು ಒಂದುಗಳ ವರ್ಗ 12345678987654321 ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಅದರ ಕೊನೆ ಸಾಲಿನಲ್ಲಿ ಹತ್ತು ಒಂದುಗಳ ವರ್ಗ 12345678910987654321 ಅಂತಿದೆ. ಎಕ್ಸೆಲ್‌ನಲ್ಲಿ ಹಾಕಿ ನೋಡಿದರೆ ಒಂಬತ್ತು ಒಂದುಗಳ ಉತ್ತರವೇ 12345678987654300 ಎಂದು ಬರುತ್ತದೆ, ಕೊನೆಯ 21 ಮಾಯ. ಇನ್ನೊಂದು ಕಡೆ ಆ ಇಪ್ಪತ್ತು ಅಂಕಿಯ ಸಂಖ್ಯೆ ಅವಿಭಾಜ್ಯ ಎಂದು ಓದಿದೆ. ವರ್ಗಸಂಖ್ಯೆ ಅವಿಭಾಜ್ಯ ಆಗೋದು ಹೇಗೆ? ಒಂಬತ್ತು ಒಂದುಗಳ ವರ್ಗದ ಬಗ್ಗೆ ‘ಅಂಕಿಗಳ ಮೊತ್ತ 81, ಆದ್ದರಿಂದ 81ರಿಂದ ಭಾಗವಾಗುತ್ತದೆ’ ಎಂಬ ಮಾತೂ ಆ ಮೆಸೇಜಿನಲ್ಲಿದೆ. ಯಾವುದನ್ನು ನಂಬಬೇಕು? ಮನೆಯಲ್ಲೇ ಪರೀಕ್ಷಿಸಲು ದಾರಿ ಇದೆಯೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. 1ಕ್ಕಿಂತ ದೊಡ್ಡ ಯಾವ ಪೂರ್ಣಸಂಖ್ಯೆಯ ವರ್ಗವೂ ಅವಿಭಾಜ್ಯ ಆಗುವುದಿಲ್ಲ. ಆ ಸಂಖ್ಯೆಯೇ ಅದನ್ನು ಭಾಗಿಸುತ್ತದಲ್ಲ. ಹಾಗಾಗಿ ನೀವು ಓದಿದ ಎರಡು ಮಾತುಗಳಲ್ಲಿ ಒಂದು ಸುಳ್ಳಾಗಲೇಬೇಕು. ಸುಳ್ಳಾಗಿರುವುದು ವಾಟ್ಸ್‌ಆ್ಯಪ್‌ನ ಕೊನೆಯ ಸಾಲು. 12345678910987654321 ನಿಜವಾಗಿಯೂ ಅವಿಭಾಜ್ಯ ಸಂಖ್ಯೆ. ಅದು ಹತ್ತು ಒಂದುಗಳ ವರ್ಗವೂ ಅಲ್ಲ, ಬೇರೆ ಯಾವುದರ ವರ್ಗವೂ ಅಲ್ಲ. ಒಂಬತ್ತು ಒಂದುಗಳ ವರ್ಗ ಮಾತ್ರ ಮೆಸೇಜಿನಲ್ಲಿರುವಂತೆಯೇ ಇದೆ, ತಪ್ಪಿದ್ದು ಎಕ್ಸೆಲ್. 81ರ ಮಾತಿನಲ್ಲಿ ಉತ್ತರ ಸರಿ, ಕಾರಣ ತಪ್ಪು. ಇಂಥದ್ದೇ ಮಕ್ಕಳನ್ನು ಹೆಚ್ಚು ದಾರಿ ತಪ್ಪಿಸುವುದು.

ಮೊದಲು ಆ ಮಾದರಿ ಹತ್ತನೇ ಮೆಟ್ಟಿಲಲ್ಲಿ ಏಕೆ ಮುರಿಯುತ್ತದೆ ನೋಡೋಣ. 111111111ನ್ನು ಅದರಿಂದಲೇ ಗುಣಿಸುವಾಗ ಒಂಬತ್ತು ಸಾಲು ಬರೆಯುತ್ತೀರಿ, ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿಯುತ್ತದೆ. ಎಲ್ಲ ಅಂಕಿಯೂ 1 ಆದ್ದರಿಂದ ಕಂಬಸಾಲಿನ ಮೊತ್ತವೆಂದರೆ ಆ ಕಂಬದಲ್ಲಿ ಎಷ್ಟು ಒಂದುಗಳಿವೆ ಎಂಬ ಎಣಿಕೆ, ಅಷ್ಟೇ. ಬಲದಿಂದ ಎಣಿಸಿದರೆ 1, 2, 3 ಎಂದು 9ರವರೆಗೆ ಏರಿ ಮತ್ತೆ 1ಕ್ಕೆ ಇಳಿಯುತ್ತದೆ. ಯಾವ ಕಂಬವೂ 9 ದಾಟದೆ ಇರುವುದರಿಂದ ಕೈಯಲ್ಲಿ ಏನೂ ಉಳಿಯುವುದಿಲ್ಲ, ಎಣಿಕೆಯೇ ಉತ್ತರವಾಗಿ ನಿಲ್ಲುತ್ತದೆ.

ಹತ್ತು ಒಂದುಗಳಿಗೆ ಬಂದಾಗ ನಡುವಿನ ಕಂಬದಲ್ಲಿ ಹತ್ತು ಒಂದುಗಳು. 0 ಬರೆದು ಕೈಯಲ್ಲಿ 1. ಅದರ ಎಡಗಡೆಯ ಕಂಬದಲ್ಲಿ 9 ಇತ್ತು, ಕೈಯಲ್ಲಿದ್ದ 1 ಸೇರಿ ಮತ್ತೆ 10. ಮತ್ತೆ 0, ಮತ್ತೆ ಕೈಯಲ್ಲಿ 1. ಮುಂದಿನ 8ಕ್ಕೆ ಆ 1 ಸೇರಿ 9 ಆಗುತ್ತದೆ, ಅಲ್ಲಿಗೆ ಸಾಗಣೆ ನಿಲ್ಲುತ್ತದೆ. ಆಮೇಲೆ 7, 6, 5 ಎಂದು ಮಾಮೂಲಿ. ಎಡದಿಂದ ಓದಿದರೆ ಉತ್ತರ 1234567900987654321, ಹತ್ತೊಂಬತ್ತು ಅಂಕಿ. ಎಡಗಡೆಯ 8 ಕಾಣೆಯಾಗಿ ಎರಡು ಸೊನ್ನೆ ಬಂದಿವೆ. ಮೆಸೇಜ್ ಬರೆದವರು ನಡುಗಂಬದ 10ನ್ನು ಹಾಗೆಯೇ ಎರಡು ಮನೆಗಳಲ್ಲಿ ಕೂರಿಸಿದ್ದಾರೆ. ಅದರಿಂದ ಎಡಗಡೆಯ ಎಲ್ಲ ಅಂಕಿಗಳೂ ಒಂದು ಮನೆ ಜರುಗಿ ಸಂಖ್ಯೆ ಸುಮಾರು ಹತ್ತು ಪಟ್ಟು ಹಿಗ್ಗಿತು. ಪೆನ್ನು ಹಿಡಿಯದೆಯೂ ಇದು ಗೊತ್ತಾಗಬೇಕು: 1111111111 ಎಂದರೆ ಸುಮಾರು 111 ಕೋಟಿ. ಅದರ ವರ್ಗ 1.23 × 10ರ 18ನೇ ಘಾತದ ಆಸುಪಾಸು, ಅಂದರೆ ಹತ್ತೊಂಬತ್ತು ಅಂಕಿ. ಇಪ್ಪತ್ತು ಅಂಕಿ ಬರಲು ಸಾಧ್ಯವೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಉತ್ತರ ತಾಳೆ ನೋಡಲು ಶಾಲೆಯಲ್ಲಿ ಕಲಿಸುವ ಒಂಬತ್ತರ ಪರೀಕ್ಷೆ ಈ ತಪ್ಪನ್ನು ಹಿಡಿಯುವುದಿಲ್ಲ. ಸರಿಯುತ್ತರದ ಅಂಕಿಗಳ ಮೊತ್ತ 82, ತಪ್ಪುತ್ತರದ್ದು 91. ಎರಡನ್ನೂ 9ರಿಂದ ಭಾಗಿಸಿದರೆ ಶೇಷ 1. ಸಾಗಣೆಯಲ್ಲಿ ಆಗುವ ತಪ್ಪುಗಳು ಸಾಮಾನ್ಯವಾಗಿ 9ರ ಗುಣಕದಷ್ಟೇ ವ್ಯತ್ಯಾಸ ತರುತ್ತವೆ, ಆದ್ದರಿಂದ ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. 11ರ ಪರೀಕ್ಷೆ ಹಿಡಿಯುತ್ತದೆ. ಹತ್ತು ಒಂದುಗಳಿರುವ ಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಹಾಗಾಗಿ ಅದರ ವರ್ಗವೂ ಆಗಬೇಕು. ಮೆಸೇಜಿನ ಇಪ್ಪತ್ತಂಕಿಯಲ್ಲಿ ಬಲದಿಂದ ಒಂದು ಬಿಟ್ಟು ಒಂದು ಕೂಡಿಸಿ ಕಳೆದರೆ 1 ಉಳಿಯುತ್ತದೆ. ಆಟ ಅಲ್ಲಿಗೆ ಮುಗಿಯಿತು.

ಈಗ ಎಕ್ಸೆಲ್. ಅದು ಸಂಖ್ಯೆಯ ಮೊದಲ 15 ಅಂಕಿಗಳನ್ನಷ್ಟೇ ಇಟ್ಟುಕೊಂಡು ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ನಿಮ್ಮ ಸಂಖ್ಯೆಗೆ 17 ಅಂಕಿ, ಅದಕ್ಕೇ ಕೊನೆಯ 21 ಹೋಗಿ 00 ಬಂತು. ಹದಿನಾರು ಅಂಕಿಯ ಡೆಬಿಟ್ ಕಾರ್ಡ್ ನಂಬರನ್ನು ಸೆಲ್‌ಗೆ ಹಾಕಿದಾಗ ಕೊನೆಯ ಅಂಕಿ ಸೊನ್ನೆಯಾಗುವುದೂ ಇದೇ ಕಾರಣಕ್ಕೆ. ಮೊಬೈಲಿನ ಮತ್ತು ಬ್ರೌಸರಿನ ಹಲವು ಕ್ಯಾಲ್ಕುಲೇಟರ್‌ಗಳ ಕಥೆ ಸ್ವಲ್ಪ ಬೇರೆ. ಅವು ಸಂಖ್ಯೆಯನ್ನು 53 ಬಿಟ್‌ಗಳ ನಿಖರತೆಯಲ್ಲಿ ಇಡುತ್ತವೆ. 2ರ 53ನೇ ಘಾತ 9007199254740992. ಅದನ್ನು ದಾಟಿದ ಮೇಲೆ ಅದರ ದುಪ್ಪಟ್ಟಿನವರೆಗೆ ಸಮಸಂಖ್ಯೆಗಳಿಗೆ ಮಾತ್ರ ಜಾಗ. ನಿಮ್ಮದು ಬೆಸ, ಹಾಗಾಗಿ ಅಲ್ಲಿ 12345678987654320 ಎಂದು ಕಾಣುತ್ತದೆ. ಇದು ಎಕ್ಸೆಲ್‌ನ ತಪ್ಪಿಗಿಂತ ಅಪಾಯದ್ದು, ಏಕೆಂದರೆ ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಸೆಲ್‌ನಲ್ಲಿ ಸಂಖ್ಯೆಯ ಮುಂದೆ ಒಂದು ಅಪಾಸ್ಟ್ರಫಿ (') ಹಾಕಿ ಪಠ್ಯವಾಗಿ ಇಟ್ಟರೆ ಅಂಕಿಗಳು ಉಳಿಯುತ್ತವೆ ನಿಜ, ಆದರೆ ಅದರ ಮೇಲೆ ಲೆಕ್ಕ ಮಾಡಲು ಹೊರಟ ಕ್ಷಣ ಮತ್ತೆ 15ಕ್ಕೇ ಇಳಿಯುತ್ತದೆ.

ಇನ್ನು 81. ಅಂಕಿಗಳ ಮೊತ್ತದ ನಿಯಮ 3ಕ್ಕೂ 9ಕ್ಕೂ ಮಾತ್ರ. 10ನ್ನು 9ರಿಂದ ಭಾಗಿಸಿದರೆ ಶೇಷ 1, 100ಕ್ಕೂ 1, 1000ಕ್ಕೂ 1. ಆದ್ದರಿಂದ ಪ್ರತಿ ಅಂಕಿಯೂ ತಾನು ಯಾವ ಮನೆಯಲ್ಲಿದ್ದರೂ ತನ್ನ ಮುಖಬೆಲೆಯಷ್ಟೇ ಶೇಷ ಕೊಡುತ್ತದೆ. 27ಕ್ಕೂ 81ಕ್ಕೂ ಈ ಸೌಲಭ್ಯ ಇಲ್ಲ. 1899ರ ಅಂಕಿಗಳ ಮೊತ್ತ 27, ಆದರೆ 27ರಿಂದ ಭಾಗಿಸಿದರೆ 9 ಉಳಿಯುತ್ತದೆ. ನಿಮ್ಮ ಹದಿನೇಳಂಕಿ ಸಂಖ್ಯೆ 81ರಿಂದ ಭಾಗವಾಗಲು ಕಾರಣ ಬೇರೆ: 111111111ರಲ್ಲಿ ಒಂಬತ್ತು ಒಂದುಗಳಿವೆ, ಮೊತ್ತ 9, ಆದ್ದರಿಂದ ಅದು 9ರಿಂದ ಭಾಗವಾಗುತ್ತದೆ. ಅದರ ವರ್ಗ ಸಹಜವಾಗಿಯೇ 81ರಿಂದ ಭಾಗವಾಗುತ್ತದೆ. ಚಾರ್ಟಿನಲ್ಲಿ ಈ ಕಾರಣ ಬರೆಯಿರಿ. 

ದೊಡ್ಡ ಸಂಖ್ಯೆಯನ್ನು ಕೈಯಲ್ಲೇ ಪರೀಕ್ಷಿಸಲು ಮಗಳಿಗೆ ಕಲಿಸಬಹುದಾದ ಒಳ್ಳೆಯ ಉಪಾಯವೆಂದರೆ ಮೂರು ಮೂರು ಅಂಕಿಗಳ ಗುಂಪು. ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮಗಳು ಎರಡೆರಡು ಅಂಕಿಗೆ ಬೀಳುತ್ತವೆ, ಅವನ್ನು ಮರೆತು ಬಲದಿಂದ ಮೂರು ಮೂರಾಗಿ ಕತ್ತರಿಸಬೇಕು. ಈ ಹಂತದಲ್ಲೇ ಹೆಚ್ಚಿನವರು ಎಡವುತ್ತಾರೆ. 12 | 345 | 678 | 987 | 654 | 321. ಎಲ್ಲ ಗುಂಪನ್ನೂ ಕೂಡಿಸಿದರೆ 2997. ಇದನ್ನೂ ಹಾಗೆಯೇ ಕತ್ತರಿಸಿ ಕೂಡಿಸಿದರೆ 2 + 997 = 999. 1000ವನ್ನು 999ರಿಂದ ಭಾಗಿಸಿದರೆ ಶೇಷ 1 ಆದ್ದರಿಂದ ಈ ಮೊತ್ತ 999ರ ಪರೀಕ್ಷೆ. 999 ಎಂದರೆ 27 × 37. ಒಂದೇ ಏಟಿಗೆ ಎರಡೂ ಸಿಕ್ಕವು.

ಅದೇ ಗುಂಪುಗಳನ್ನು ಬಲದಿಂದ ಕೂಡಿಸಿ, ಕಳೆದು, ಕೂಡಿಸುತ್ತಾ ಹೋದರೆ 1001ರ ಪರೀಕ್ಷೆ ಆಗುತ್ತದೆ. 1001 ಎಂದರೆ 7 × 11 × 13. ಇಪ್ಪತ್ತಂಕಿಯ ಸಂಖ್ಯೆಗೆ ಮಾಡಿ ನೋಡಿ: 321 − 654 + 987 − 910 + 678 − 345 + 12 = 89. 89ನ್ನು 7ರಿಂದ ಭಾಗಿಸಿದರೆ ಶೇಷ 5, 11ರಿಂದ 1, 13ರಿಂದ 11. ಮೂರರಿಂದಲೂ ಭಾಗವಾಗುವುದಿಲ್ಲ. ಜೊತೆಗೆ ಇನ್ನೊಂದು ವಿಷಯವೂ ಇಲ್ಲೇ ತೀರ್ಮಾನವಾಗುತ್ತದೆ. ಯಾವ ಪೂರ್ಣವರ್ಗವನ್ನು 7ರಿಂದ ಭಾಗಿಸಿದರೂ ಶೇಷ 0, 1, 2, 4 ಇಷ್ಟರಲ್ಲೇ ಒಂದು. 5 ಬರುವುದಿಲ್ಲ. ಆದ್ದರಿಂದ ಈ ಇಪ್ಪತ್ತಂಕಿ ಸಂಖ್ಯೆ ಯಾವುದರ ವರ್ಗವೂ ಅಲ್ಲ ಎಂಬುದಕ್ಕೆ ಕಂಪ್ಯೂಟರ್ ಬೇಡ, ಚಾರ್ಟಿನ ಒಂದು ಸಾಲು ಸಾಕು. ಕೊನೆಯ ಅಂಕಿ 1, ಕೊನೆಯೆರಡು 21, 16ರಿಂದ ಭಾಗಿಸಿದರೆ ಶೇಷ 1 ಎಂಬ ಮಾಮೂಲಿ ಪರೀಕ್ಷೆಗಳಲ್ಲೆಲ್ಲ ಇದು ವರ್ಗಸಂಖ್ಯೆಯಂತೆಯೇ ಪಾಸಾಗುತ್ತದೆ, 7ಕ್ಕೆ ಬಂದಾಗ ಸಿಕ್ಕಿಬೀಳುತ್ತದೆ.

ಹದಿನೇಳಂಕಿ ಸಂಖ್ಯೆಯನ್ನು ಪೂರ್ತಿ ಬಿಡಿಸುವುದು ಚಾರ್ಟಿಗೆ ಒಳ್ಳೆಯ ವಸ್ತು. 111111111 = 111 × 1001001. ಇಲ್ಲಿ 111 = 3 × 37, 1001001 = 3 × 333667. ಹಾಗಾಗಿ ನಮ್ಮ ಸಂಖ್ಯೆ 3ರ ನಾಲ್ಕನೇ ಘಾತ, 37ರ ವರ್ಗ, 333667ರ ವರ್ಗ ಇವುಗಳ ಗುಣಲಬ್ಧ. 333667 ಅವಿಭಾಜ್ಯವೇ? ಅದರ ವರ್ಗಮೂಲ 577.6ರ ಆಸುಪಾಸು, ಆದ್ದರಿಂದ 577ರವರೆಗಿನ 106 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅಷ್ಟೂ ಬೇಡ. 333667ನ್ನು ಭಾಗಿಸಬಲ್ಲ ಯಾವ ಅವಿಭಾಜ್ಯವೂ 1001001ನ್ನು, ಅದರ ಮೂಲಕ 999999999ನ್ನು ಭಾಗಿಸಬೇಕು, ಆದರೆ 999ನ್ನು ಭಾಗಿಸಬಾರದು. ಅಂದರೆ 10ರ ಘಾತಗಳನ್ನು ಅದರಿಂದ ಭಾಗಿಸುತ್ತಾ ಹೋದಾಗ ಶೇಷ 1 ಮೊದಲ ಬಾರಿಗೆ ಬರುವುದು ಒಂಬತ್ತನೇ ಘಾತದಲ್ಲಿ. ಫ್ರೆಂಚ್ ಗಣಿತಜ್ಞ ಫರ್ಮಾನ ಪ್ರಮೇಯದ (ಅದನ್ನು ಮುಂದೆ ಹೇಳಿದ್ದೇನೆ) ಪ್ರಕಾರ ಅಂಥ ಅವಿಭಾಜ್ಯದಿಂದ 1 ಕಳೆದರೆ 9ರ ಗುಣಕ ಸಿಗಬೇಕು. ಆ ಅವಿಭಾಜ್ಯ ಬೆಸಸಂಖ್ಯೆಯೂ ಹೌದು, ಆದ್ದರಿಂದ 18ರ ಗುಣಕ. ಆಗ ಉಳಿಯುವುದು 19, 37, 73, 109, 127, 163, 181, 199, 271, 307, 379, 397, 433, 487, 523, 541, 577. ಹದಿನೇಳೇ. 19ರಿಂದ ಭಾಗಿಸಿದರೆ 8 ಉಳಿಯುತ್ತದೆ, 577ರಿಂದ 161. ನಡುವಿನ ಹದಿನೈದನ್ನು ಮಗಳೇ ಮಾಡಲಿ, ಅರ್ಧ ಗಂಟೆಯ ಕೆಲಸ. ಯಾವುದರಿಂದಲೂ ನಿಶ್ಶೇಷವಾಗಿ ಹೋಗುವುದಿಲ್ಲ.

ಅಪವರ್ತನ ಕೈಗೆ ಬಂದರೆ ಉಳಿದ ಗುಣಗಳು ತಾವಾಗಿಯೇ ಬರುತ್ತವೆ. ಭಾಜಕಗಳ ಸಂಖ್ಯೆ 5 × 3 × 3 = 45; ವರ್ಗಸಂಖ್ಯೆಗಳಿಗೆ ಮಾತ್ರ ಹೀಗೆ ಬೆಸ ಬರುತ್ತದೆ. ಭಾಜಕಗಳ ಒಟ್ಟು ಮೊತ್ತ 121 × 1407 × 111334000557 = 18954279592827579. ಸಂಖ್ಯೆಯನ್ನೇ ಅದರಿಂದ ಕಳೆದರೆ 6608600605173258, ಸಂಖ್ಯೆಗಿಂತ ಕಡಿಮೆ. ಹಾಗಾಗಿ ಇದು ಪರಿಪೂರ್ಣ ಸಂಖ್ಯೆ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮನಾದದ್ದು) ಅಲ್ಲ, ಮೊತ್ತ ಕಡಿಮೆ ಬೀಳುವ ನ್ಯೂನ ಸಂಖ್ಯೆ. ಹತ್ತು ಒಂದುಗಳ ಸಂಖ್ಯೆ 11 × 41 × 271 × 9091 ಎಂದು ಒಡೆಯುತ್ತದೆ, ಅದರ ವರ್ಗಕ್ಕೆ 81 ಭಾಜಕಗಳು. ನೋಡಿ, 81 ಬೇಕೆಂದವರಿಗೆ ಇಲ್ಲೂ ಒಂದಿದೆ.

1, 121, 12321 ಈ ಸಾಲಿಗೆ ಹೆಸರೂ ಇದೆ: ಡೆಮ್ಲೋ ಸಂಖ್ಯೆಗಳು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ (1905–1986) ಇಟ್ಟ ಹೆಸರು. ಮುಂಬಯಿಯಿಂದ ಸುಮಾರು 30 ಮೈಲಿ ದೂರದ, ಅಂದಿನ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲುಮಾರ್ಗದ ಡೆಮ್ಲೋ ನಿಲ್ದಾಣದಲ್ಲಿ ಇವು ಹೊಳೆದವಂತೆ. ಆ ಊರು ಈಗಿನ ಡೊಂಬಿವಿಲಿ. ಚಾರ್ಟಿನ ತಲೆಬರಹಕ್ಕೆ ವಾಟ್ಸ್‌ಆ್ಯಪ್‌ನ ‘ಮಾಂತ್ರಿಕ ಸಂಖ್ಯೆ’ಗಿಂತ ಇದು ಮೇಲು.

ಈಗ ಕಷ್ಟದ ಭಾಗ: ಇಪ್ಪತ್ತಂಕಿ ಸಂಖ್ಯೆ ಅವಿಭಾಜ್ಯ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ನೇರ ದಾರಿಯೆಂದರೆ ವರ್ಗಮೂಲದವರೆಗೆ ಭಾಗಿಸುತ್ತಾ ಹೋಗುವುದು. ವರ್ಗಮೂಲ ಸುಮಾರು 351 ಕೋಟಿ. ಬೆಸಸಂಖ್ಯೆಗಳಿಂದ ಮಾತ್ರ ಭಾಗಿಸಿದರೂ 175 ಕೋಟಿ ಭಾಗಾಕಾರ. ಕೈಯಲ್ಲಿ ಆಗದ ಮಾತು, ಆದರೆ ಕಂಪ್ಯೂಟರಿಗೆ ಇದು ದೊಡ್ಡದಲ್ಲ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರೆ ನಿಮಿಷದ ಆಸುಪಾಸಿನಲ್ಲಿ, ಪೈಥಾನ್‌ನಲ್ಲಿ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಅಪಾಯ ಬೇರೆ ಕಡೆ ಇದೆ. ಸಿ ಭಾಷೆಯ ಸಾಮಾನ್ಯ 64 ಬಿಟ್ ಪೂರ್ಣಾಂಕದ ಮಿತಿ 9223372036854775807. ನಮ್ಮ ಸಂಖ್ಯೆ ಅದನ್ನು ದಾಟುತ್ತದೆ, ಆಗ ಒಳಗೆ ಅದು −6101065162721897295 ಆಗಿ ಕೂರುತ್ತದೆ. ‘ಭಾಜಕದ ವರ್ಗ ಸಂಖ್ಯೆಗಿಂತ ಚಿಕ್ಕದಿರುವವರೆಗೆ ತಿರುಗು’ ಎಂಬ ಲೂಪ್ ಒಂದು ಸಲವೂ ತಿರುಗದೆ ‘ಅವಿಭಾಜ್ಯ’ ಎಂದು ಮುದ್ರಿಸಿಬಿಡುತ್ತದೆ. ಉತ್ತರ ಸರಿ, ಪರೀಕ್ಷೆ ನಡೆದೇ ಇಲ್ಲ. ಋಣಚಿಹ್ನೆಗೆ ಜಾಗವಿಡದ 64 ಬಿಟ್ ಮಾದರಿ ಬಳಸಬೇಕು, ಅದರ ಮಿತಿ 18446744073709551615. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿಯಿಲ್ಲ. ಆದರೂ ಒಂಟಿ ಓರೆಗೆರೆಯಿಂದ ಭಾಗಿಸಿದರೆ ದಶಮಾಂಶಕ್ಕೆ ತಿರುಗಿ ನಿಖರತೆ ಹೋಗುತ್ತದೆ, ಎರಡು ಓರೆಗೆರೆಯ ಭಾಗಾಕಾರ ಮತ್ತು ಶೇಷದ ಚಿಹ್ನೆಯನ್ನೇ ಬಳಸಿ. ವರ್ಗಮೂಲಕ್ಕೂ ಪೂರ್ಣಾಂಕ ವರ್ಗಮೂಲದ ಫಂಕ್ಷನ್ನೇ ಬೇಕು.

ಎರಡನೆಯ ದಾರಿ ಭಾಗಿಸದೆ ತಿಳಿಯುವುದು. ಫರ್ಮಾನ ಪ್ರಮೇಯ ಹೇಳುವಂತೆ ಬೆಸ ಅವಿಭಾಜ್ಯ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಆ ಸಂಖ್ಯೆಯಿಂದ ಭಾಗಿಸಿದರೆ ಶೇಷ 1. ತಿರುಗಿಸಿ ಹೇಳಿದರೆ ನಿಲ್ಲುವುದಿಲ್ಲ. 341ನ್ನು ನೋಡಿ: 2ರ ಹತ್ತನೇ ಘಾತ 1024, ಅದು 3 × 341 + 1. ಆದ್ದರಿಂದ 2ರ 340ನೇ ಘಾತಕ್ಕೂ ಶೇಷ 1. ಆದರೆ 341 = 11 × 31. ಘಾತಕ್ಕೆ ಏರಿಸುವ ಬುಡವಾಗಿ 2ರ ಬದಲು ಬೇರೆ ಸಂಖ್ಯೆ ಹಿಡಿದರೆ ಸಿಗಬಹುದು ಎನ್ನೋಣವೆಂದರೆ 561, 1729ರಂಥವು ತಮ್ಮ ಜೊತೆ ಸಾಮಾನ್ಯ ಭಾಜಕವಿಲ್ಲದ ಯಾವ ಬುಡಕ್ಕೂ ಸಿಗುವುದಿಲ್ಲ. ರಾಮಾನುಜನ್ ಹೆಸರಿನೊಂದಿಗೆ ಎಲ್ಲರಿಗೂ ಗೊತ್ತಿರುವ 1729ಕ್ಕೆ ಈ ಗುಣವೂ ಇದೆ ಎಂದು ಕೆಲವರಿಗಷ್ಟೇ ಗೊತ್ತು.

ಮಿಲ್ಲರ್ 1976ರಲ್ಲಿ, ರೇಬಿನ್ 1980ರಲ್ಲಿ ಕೊಟ್ಟ ಪರೀಕ್ಷೆ ಈ ಕಿಂಡಿ ಮುಚ್ಚುತ್ತದೆ. 340 = 4 × 85 ಎಂದು ಒಡೆದು, 2ರ 85ನೇ ಘಾತದಿಂದ ಶುರು ಮಾಡಿ: 341ರಿಂದ ಶೇಷ 32. ಅದರ ವರ್ಗ 1024, ಶೇಷ 1. ವರ್ಗ ಮಾಡಿದಾಗ 1 ಬರಬೇಕಾದರೆ ಅವಿಭಾಜ್ಯದ ವಿಷಯದಲ್ಲಿ ಹಿಂದಿನ ಶೇಷ 1 ಅಥವಾ −1 ಆಗಿರಲೇಬೇಕು. 32 ಎರಡೂ ಅಲ್ಲ, 341 ಸಿಕ್ಕಿಬಿತ್ತು. 32 − 1 = 31, ಅಪವರ್ತನವೂ ಬಿಟ್ಟಿಯಾಗಿ ಬಂತು. ನಮ್ಮ ಸಂಖ್ಯೆಗಾದರೆ ಒಂದು ಕಳೆದಾಗ 16 × 771604931936728395. ಆ ಬೆಸ ಘಾತದಿಂದ ಶುರು ಮಾಡಿ 2, 3, 5 ಎಂದು 37ರವರೆಗಿನ ಹನ್ನೆರಡು ಅವಿಭಾಜ್ಯ ಬುಡಗಳಲ್ಲಿ ಪರೀಕ್ಷಿಸಬೇಕು. 318665857834031151167461ಕ್ಕಿಂತ ಚಿಕ್ಕದಾದ ಯಾವ ಸಂಯುಕ್ತ ಸಂಖ್ಯೆಯೂ ಈ ಹನ್ನೆರಡನ್ನೂ ದಾಟುವುದಿಲ್ಲ ಎಂದು ಸಾಬೀತಾಗಿದೆ. ಆದ್ದರಿಂದ ಇಪ್ಪತ್ತಂಕಿಗೆ ಇದು ‘ಬಹುಶಃ’ ಅಲ್ಲ, ಖಚಿತ. ಕ್ಷಣದಲ್ಲಿ ಮುಗಿಯುತ್ತದೆ. ಪೈಥಾನ್‌ನ ಸಿಂಪೈ ಎಂಬ ಗಣಿತ ಲೈಬ್ರರಿ, ಉಚಿತವಾಗಿ ಸಿಗುವ ಪ್ಯಾರಿ ಜಿಪಿ ಎಂಬ ಗಣಿತ ತಂತ್ರಾಂಶ ಎರಡರಲ್ಲೂ ಅವಿಭಾಜ್ಯ ಪರೀಕ್ಷೆಯ ಸಿದ್ಧ ಫಂಕ್ಷನ್ ಇದೆ. ಆನ್‌ಲೈನ್ ಕ್ಯಾಲ್ಕುಲೇಟರ್ ಬಳಸುವುದಾದರೆ ಮೊದಲು 12345678987654321 ಕೊಟ್ಟು ನೋಡಿ. ಮೇಲೆ ಹೇಳಿದ ಅಪವರ್ತನಗಳೇ ಬಂದರೆ ಮುಂದುವರಿಯಿರಿ, 2 ಅಥವಾ 5 ಅಪವರ್ತನವಾಗಿ ಕಂಡರೆ ಅದು ಅಂಕಿ ನುಂಗುತ್ತಿದೆ ಎಂದರ್ಥ.

ಇನ್ನೂರು, ಮುನ್ನೂರು ಅಂಕಿಗಳಿಗೆ ಹೋದಾಗ ಈ ಹನ್ನೆರಡರ ಖಾತರಿ ಇರುವುದಿಲ್ಲ, ಬೇರೆ ಸಾಧನೆ ಬೇಕು. ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ 2002ರಲ್ಲಿ ಕೊಟ್ಟ ವಿಧಾನ ಯಾವ ಊಹೆಯನ್ನೂ ಆಧರಿಸದೆ, ಅಂಕಿಗಳ ಸಂಖ್ಯೆಯ ಬಹುಪದೋಕ್ತಿ ಕಾಲದಲ್ಲಿ, ಅಂದರೆ ಅಂಕಿಗಳು ಹೆಚ್ಚಿದಂತೆ ಸಮಯ ಮಿತಿಮೀರಿ ಉಬ್ಬದಂತೆ, ಉತ್ತರ ಕೊಡುತ್ತದೆ. ತತ್ತ್ವದಲ್ಲಿ ಬಹು ದೊಡ್ಡ ಫಲಿತಾಂಶ, ಬಳಕೆಯಲ್ಲಿ ನಿಧಾನ.

ಒಂದು ಸಂಖ್ಯೆ ಅವಿಭಾಜ್ಯವಲ್ಲ ಎಂದು ತಿಳಿಯುವುದಕ್ಕೂ ಅದರ ಅಪವರ್ತನ ಕಾಣುವುದಕ್ಕೂ ಬಹಳ ದೂರ. 2ರ 67ನೇ ಘಾತದಿಂದ 1 ಕಳೆದರೆ 147573952589676412927. ಇದು ಸಂಯುಕ್ತ ಎಂದು ಫ್ರೆಂಚ್ ಗಣಿತಜ್ಞ ಲ್ಯೂಕಾ 1876ರಲ್ಲೇ ತೋರಿಸಿದ್ದರು, ಅಪವರ್ತನ ಮಾತ್ರ ಗೊತ್ತಿರಲಿಲ್ಲ. 193707721 × 761838257287 ಎಂದು ಅಮೆರಿಕದ ಗಣಿತಜ್ಞ ಫ್ರಾಂಕ್ ಕೋಲ್ ಬರೆದು ತೋರಿಸಿದ್ದು 1903ರಲ್ಲಿ. ಬ್ಯಾಂಕ್ ವ್ಯವಹಾರಗಳ ಗೂಢಲಿಪಿ ನಿಂತಿರುವುದೂ ಈ ಅಂತರದ ಮೇಲೆಯೇ.

ಚಾರ್ಟಿಗೆ ನನ್ನ ಸಲಹೆ ಇಷ್ಟು. ಎಡಗಡೆ 1ರಿಂದ ಒಂಬತ್ತು ಒಂದುಗಳವರೆಗಿನ ವರ್ಗಗಳು. ಹತ್ತನೇ ಸಾಲಿನಲ್ಲಿ 1234567900987654321, ಪಕ್ಕದಲ್ಲಿ ಆ ಎರಡು ಸಾಗಣೆಗಳನ್ನು ಕೆಂಪು ಶಾಯಿಯಲ್ಲಿ ತೋರಿಸಿದ ಗುಣಾಕಾರ. ಬಲಗಡೆ ಇಪ್ಪತ್ತಂಕಿಯ ಅವಿಭಾಜ್ಯ ಸಂಖ್ಯೆ, ಅದರ ಕೆಳಗೆ 89 ಮತ್ತು ‘7ರಿಂದ ಶೇಷ 5’. ನೋಡುಗರು ಕೇಳುವ ಮೊದಲ ಪ್ರಶ್ನೆ ಹನ್ನೊಂದು ಒಂದುಗಳ ವರ್ಗ ಏನು ಎಂಬುದೇ ಆಗಿರುತ್ತದೆ. ಅದು 123456790120987654321, ಕಂಬಗಳಲ್ಲಿ 10, 11, 10 ಬಂದು ಸಾಗಣೆ ಇನ್ನೂ ಎರಡು ಮನೆ ಉದ್ದವಾಗುತ್ತದೆ. ಅದನ್ನೂ ಕೈಯಲ್ಲಿ ಒಮ್ಮೆ ಮಾಡಿಸಿ ಕಳಿಸಿ.